ಹಿಮದ ಹಾದಿಗೆ ಹಳೆಯ ಗಾಡಿ

ವಾಚಕರು ನಗಬಾರದು. ಜೀವಮಾನವೆಲ್ಲ ಸೈಕಲ್ಲನ್ನೇರಿ ಶಾಲೆಗೆ ಹೋಗಿಬಂದ ನಾವು, ಹಿಮವನ್ನು ಒಂದೇ ಒಂದು ಸಲ ಬದರೀಯಾತ್ರೆಯಲ್ಲಿ ದೂರದ ಶಿಖರದ ಮೇಲೆ ಕಂಡು ಕೈಮುಗಿದು ಹಿಂದಿರುಗಿದ ನಾವು, ಈ ತಿಂಗಳು ಹಿಮದ ಬೆಟ್ಟದಲ್ಲಿ ಓಡಿಸತಕ್ಕ ಹಳೆಯ ಮೋಟಾರು ಗಾಡಿಯನ್ನು ಕುರಿತು ಬರೆಯಲು ಕುಳಿತಿದ್ದೇವೆ. ಇದು ನಾವಾಗಿ ಆರಿಸಿಕೊಂಡ ವಿಷಯವಲ್ಲ. ಮನೆಯ ಬಾಗಿಲಿಗೆ ತಾನಾಗಿಯೇ ಬಂದುದು. ಬಂದ ಮೇಲೆ ಅದನ್ನು ಬಲ್ಲವರಿಂದ ಕೇಳಿ, ಓದಿ, ಲೆಕ್ಕಹಾಕಿ, ನಾಲ್ಕು ಜನಕ್ಕೆ ಉಪಯೋಗವಾದೀತೆಂದು ಇಲ್ಲಿ ಇಡುತ್ತಿದ್ದೇವೆ.

ನಮ್ಮ ನೀಲಗುಂದದ ರೈತರೊಬ್ಬರ ಮಗ ನಮ್ಮಲ್ಲಿ ಓದಿದವನು. ವಿದ್ಯುತ್ತಿನ ಕೆಲಸವನ್ನು ಕಲಿತು, ಊರೂರು ತಿರುಗಿ, ಕಡೆಗೆ ಹಿಮಾಚಲ ಪ್ರದೇಶದ ಕುಲ್ಲೂ ಕಣಿವೆಯಲ್ಲಿ ಸಣ್ಣ ಗುತ್ತಿಗೆಗಳನ್ನು ಹಿಡಿದು ನೆಲೆನಿಂತಿದ್ದಾನೆ. ಹೆಂಡತಿಯೂ ಮೂರು ವರ್ಷದ ಮಗುವೂ ಜೊತೆಗಿದ್ದಾರೆ. ಅವನ ಕೆಲಸ ಹೆಚ್ಚಾಗಿ ಮನಾಲಿಯಿಂದ ಆಚೆ, ಲಾಹೌಲದ ಸಿಸ್ಸು, ಕೇಲಾಂಗ್‌ಗಳ ಕಡೆಗೆ. ಮೊದಲು ಆ ಸೀಮೆಗೆ 3,978 ಮೀಟರು ಎತ್ತರದ ರೋಹ್ತಾಂಗ್ ಕಣಿವೆಯನ್ನು ಹತ್ತಿಯೇ ಹೋಗಬೇಕಾಗಿತ್ತು; ಚಳಿಗಾಲದಲ್ಲಿ ತಿಂಗಳುಗಟ್ಟಲೆ ದಾರಿ ಮುಚ್ಚಿರುತ್ತಿತ್ತು. 2020ರ ಅಕ್ಟೋಬರ್ 3ರಂದು ಬೆಟ್ಟದ ಹೊಟ್ಟೆಯನ್ನು ಕೊರೆದ 9.02 ಕಿಲೋಮೀಟರು ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಚಳಿಗಾಲದಲ್ಲಿಯೂ ಜನ ಓಡಾಡತೊಡಗಿದರು. ಸುರಂಗದೊಳಗೆ ಹಿಮವಿಲ್ಲ, ನಿಜ. ಅದರ ಎರಡು ಬಾಯಿಗಳೂ 3,000 ಮೀಟರಿಗಿಂತ ಮೇಲಿವೆ, ಅಲ್ಲಿಗೆ ಹತ್ತುವ ಮತ್ತು ಅಲ್ಲಿಂದ ಇಳಿಯುವ ದಾರಿಗಳ ಮೇಲೆ ಹಿಮ ಬೀಳುತ್ತದೆ. ಹೆಚ್ಚು ಹಿಮ ಬಿದ್ದ ದಿನ ಮನಾಲಿಯಿಂದ ಮೇಲಕ್ಕೆ ನಾಲ್ಕೂ ಗಾಲಿಗಳಿಗೆ ಎಳೆತವಿರುವ ವಾಹನಗಳನ್ನು ಮಾತ್ರ ಪೊಲೀಸರು ಬಿಡುವುದುಂಟು.

ಆದ್ದರಿಂದ ಹುಡುಗನಿಗೆ ಅಂತಹದೊಂದು ಗಾಡಿ ಬೇಕಾಯಿತು. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲವಾಗಿ ಹಳೆಯದನ್ನು ಹುಡುಕಿದನು. ಅದಕ್ಕೆ ಹಿಂದೆ ಎರಡು ಗಾಲಿಯ ಟ್ರೇಲರನ್ನು ಕಟ್ಟಿ, ಜನರೇಟರನ್ನೂ ತಂತಿಯ ಸುರುಳಿಗಳನ್ನೂ ಹೇರಿ, ಸುಮಾರು 800 ಕಿಲೋ ಭಾರವನ್ನು ಎಳೆಯಬೇಕು. ಎರಡು ಗಾಡಿಗಳು ಕಣ್ಣಿಗೆ ಬಿದ್ದಿದ್ದುವು. ಒಂದು, ದೆಹಲಿಯಿಂದ ಬಂದ, ಏಳು ಜನ ಕೂಡತಕ್ಕ, ಥಳಥಳಿಸುವ ದೊಡ್ಡ ಗಾಡಿ. ಬೆಲೆ ಹನ್ನೊಂದು ಲಕ್ಷ. ಇನ್ನೊಂದು, ಕುಲ್ಲೂ ಕಡೆಯ ಸೇಬಿನ ತೋಟದ ಯಜಮಾನರೊಬ್ಬರು ತಾವೇ ಇಟ್ಟುಕೊಂಡಿದ್ದ 2017ರ ಸ್ಕಾರ್ಪಿಯೋ; ಬೆಲೆ ಏಳೂವರೆ ಲಕ್ಷ. ಹುಡುಗನ ಮನಸ್ಸು ಮೊದಲನೆಯದರ ಮೇಲೆ ನೆಟ್ಟಿತ್ತು. ತಂದೆಯ ಬಳಿ ಗೋವಿನಜೋಳ ಮಾರಿದ ಹಣವೂ ಕುರಿಗಳನ್ನು ಕೊಟ್ಟ ಹಣವೂ ಸೇರಿ ಏನೋ ಇತ್ತು. ಹನ್ನೊಂದು ಲಕ್ಷವಾಗಬೇಕಾದರೆ ಎರಡು ಎಕರೆ ಎರೆಹೊಲವನ್ನು ಒತ್ತೆಯಿಡಬೇಕು.

ಒಂದು ಸಂಜೆ ಆ ದಂಪತಿಗಳು ನಮ್ಮ ಜಗಲಿಗೆ ಬಂದರು. “ಮೇಷ್ಟ್ರೇ, ಹುಡುಗ ರೊಕ್ಕ ಕೇಳ್ಯಾನ. ಫೋರ್‌ವ್ಹೀಲ್ ಗಾಡಿನೇ ಬೇಕಂತಾನ. ಯಾವ ಕಾರಿಗೆ ನಾಲ್ಕು ಗಾಲಿ ಇಲ್ಲ ಹೇಳ್ರಿ?” ಎಂದು ತಂದೆ ಕೇಳಿದರು. ಪ್ರಶ್ನೆ ಸರಳವಾಗಿ ಕಂಡರೂ ವಿಷಯದ ಬೇರು ಅಲ್ಲಿಯೇ ಇದೆ.

ಎಲ್ಲ ಕಾರುಗಳಿಗೂ ನಾಲ್ಕು ಗಾಲಿಗಳಿರುವುವು. ಆದರೆ ಇಂಜಿನಿನ ಬಲ ಸಾಧಾರಣವಾಗಿ ಎರಡಕ್ಕೆ ಮಾತ್ರ ಮುಟ್ಟುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ಮಳೆ ಬಿದ್ದ ಎರೆಹೊಲದಲ್ಲಿ ಟ್ರಾಕ್ಟರಿನ ಹಿಂದಿನ ಗಾಲಿ ಸಿಕ್ಕಿಕೊಂಡು ಇದ್ದಲ್ಲೇ ತಿರುಗಿ ಕೆಸರನ್ನು ಎರಚುವುದನ್ನು ನಮ್ಮ ಸೀಮೆಯಲ್ಲಿ ಯಾರು ಕಂಡಿಲ್ಲ? ಫೋರ್‌ವ್ಹೀಲ್ ಎಂಬ ಗಾಡಿಯಲ್ಲಿ ಬಲವು ನಾಲ್ಕು ಗಾಲಿಗಳಿಗೂ ಹಂಚಿಹೋಗುತ್ತದೆ. ಒಂದು ಜೊತೆ ಜಾರಿದರೂ ಇನ್ನೊಂದು ಜೊತೆ ನೆಲವನ್ನು ಕಚ್ಚುತ್ತದೆ. ಹಳ್ಳದಲ್ಲಿ ಹೂತ ಬಂಡಿಗೆ ಮುಂದೆ ಇನ್ನೊಂದು ಜೋಡಿ ಎತ್ತನ್ನು ಹೂಡಿ ಎಳೆಸುವಂತೆ ಇದು. ನ್ಯಾಯಶಾಸ್ತ್ರದಲ್ಲಿ ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದೆ. ಕಂಡುದರಿಂದ ಕಾಣದುದನ್ನು ತಿಳಿಸುವ ಉಪಮಾನವು ಇಲ್ಲಿ ನಮಗೆ ಒದಗಿತು.

ತಂದೆ ತಲೆದೂಗಿದರು. ಇಷ್ಟು ಹೊತ್ತೂ ಕಂಬಕ್ಕೆ ಒರಗಿ ಕೇಳುತ್ತಿದ್ದ ತಾಯಿ ಆಗ ಒಂದು ಮಾತು ಕೇಳಿದರು: “ಎರಡು ಜೋಡಿ ಎತ್ತು ಹೂಡಿದ್ರ ದಿಬ್ಬ ಹತ್ತೋದು ಸರಿ ಮೇಷ್ಟ್ರೇ. ಇಳಿಯೋದು ಹೆಂಗ?”

ಮೋಟಾರು ವ್ಯಾಪಾರಿಗಳಾರೂ ಹುಡುಗನಿಗೆ ಹೇಳದಿದ್ದ ಮಾತನ್ನು ಆ ತಾಯಿ ಒಂದು ಪ್ರಶ್ನೆಯಲ್ಲಿ ಹೇಳಿಬಿಟ್ಟರು. ದಿಬ್ಬ ಇಳಿಯುವಾಗ ಬಂಡಿ ಎತ್ತಿನ ಹಿಂಗಾಲಿಗೆ ಬಂದು ಬಡಿಯುತ್ತದೆ. ಮುಂದೆ ಎಷ್ಟು ಜೋಡಿ ಇದ್ದರೇನು? ನಾಲ್ಕು ಗಾಲಿಗಳ ಎಳೆತವು ಗಾಡಿಯನ್ನು ಹೊರಡಿಸುತ್ತದೆ, ಹತ್ತಿಸುತ್ತದೆ. ಬ್ರೇಕು ಹಿಡಿದಾಗ ನಿಲ್ಲಿಸಲು ಅದು ಬಾರದು. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೂ ಇದ್ದೇ ಇದೆ. ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಆ ಘರ್ಷಣೆಯನ್ನೇ ಹಿಮವು ಕದ್ದುಬಿಟ್ಟಿರುತ್ತದೆ.

ಶಾಲೆಯ ಲೆಕ್ಕದ ರೂಢಿಯಿಂದ ಒಂದು ಕಾಗದದ ಮೇಲೆ ಬರೆದು ನೋಡಿದೆವು. ಗಂಟೆಗೆ 40 ಕಿಲೋಮೀಟರು ವೇಗದ ಗಾಡಿಗೆ ಬ್ರೇಕು ಹಿಡಿದರೆ, ಒಣಗಿದ ಡಾಂಬರಿನ ಸಮತಲದಲ್ಲಿ ಅದು ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 30 ಮೀಟರು ಬೇಕು. ನೀರು ಹೆಪ್ಪುಗಟ್ಟಿ ಕನ್ನಡಿಯಂತಾದ ನೆಲದ ಮೇಲೆ 60 ಮೀಟರು ಮೀರುತ್ತದೆ. ಇದು ಸಮತಲದ ಮಾತು. ಹತ್ತು ಮೀಟರಿಗೆ ಒಂದು ಮೀಟರು ಇಳಿಯುವ ದಾರಿಯಲ್ಲಿ ಅಂತಹ ಮಂಜುಗಡ್ಡೆಯಿದ್ದರೆ, ಇಳಿಜಾರಿನ ಸೆಳೆತವೂ ಘರ್ಷಣೆಯ ತಡೆಯೂ ಸರಿಸಮವಾಗಿ, ಬ್ರೇಕನ್ನು ಎಷ್ಟು ಒತ್ತಿದರೂ ಗಾಡಿ ನಿಲ್ಲುವುದೇ ಇಲ್ಲ. ಈ ಲೆಕ್ಕದಲ್ಲಿ ಗಾಡಿಯ ಬೆಲೆಯ ಪ್ರಸ್ತಾಪವಿಲ್ಲ; ಹನ್ನೊಂದು ಲಕ್ಷದ್ದೂ ಏಳೂವರೆ ಲಕ್ಷದ್ದೂ ಒಂದೇ.

ಇನ್ನು ಶಬ್ದಪ್ರಮಾಣಕ್ಕೆ ಬರೋಣ. ಎಲ್ಲರ ಮಾತೂ ಪ್ರಮಾಣವಲ್ಲ. ಆಪ್ತನ, ಎಂದರೆ ವಿಷಯವನ್ನು ಬಲ್ಲ ಮತ್ತು ಸುಳ್ಳು ಹೇಳಲು ಕಾರಣವಿಲ್ಲದವನ, ಮಾತು ಮಾತ್ರ ಪ್ರಮಾಣ. ಮಾರುವವನಿಗೆ ಮೊದಲ ಗುಣವಿದ್ದರೂ ಎರಡನೆಯದು ಇರುವುದು ಅಪರೂಪ. ನಮ್ಮೂರಿನಲ್ಲಿ ಸೇನೆಯಿಂದ ನಿವೃತ್ತರಾದ ಹವಾಲ್ದಾರರೊಬ್ಬರಿದ್ದಾರೆ. ಲೇಹದ ಕಡೆ ವರ್ಷಗಟ್ಟಲೆ ಲಾರಿ ನಡೆಸಿದವರು. ಅವರನ್ನು ಕರೆಸಿದೆವು. ಅವರು ಮೊದಲು ಕೇಳಿದ್ದು ಗಾಡಿಯ ಹೆಸರನ್ನಲ್ಲ. “ಟೈರು ಎಂಥವು?” ಎಂದರು. ಆಮೇಲೆ “ಟ್ರೇಲರಿಗೆ ಬ್ರೇಕು ಐತೇನು?” ಎಂದರು. ಈ ಎರಡಕ್ಕೂ ಹುಡುಗನಲ್ಲಿ ಉತ್ತರವಿರಲಿಲ್ಲ.

ಹವಾಲ್ದಾರರು ತಿಳಿಸಿದ ಮತ್ತು ನಾವು ಬಳಿಕ ಓದಿ ದೃಢಪಡಿಸಿಕೊಂಡ ಸಂಗತಿಗಳನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು ಹೆಸರಿನ ಮೋಸ. ಒಂದೇ ಹೆಸರಿನ ಗಾಡಿ ಎರಡು ಬಗೆಯಾಗಿ ಮಾರಾಟವಾಗುತ್ತದೆ. ಸ್ಕಾರ್ಪಿಯೋ, ಬೊಲೆರೋ, ಸಫಾರಿ ಇವುಗಳಲ್ಲಿ ಎರಡು ಗಾಲಿಯ ಎಳೆತದವೂ ನಾಲ್ಕರವೂ ಬಂದಿವೆ. ಥಾರ್ ಗಾಡಿಯಲ್ಲಿ ಕೂಡ 2023ರಿಂದ ಹಿಂದಿನ ಎರಡು ಗಾಲಿಗೆ ಮಾತ್ರ ಎಳೆತವಿರುವುದು ಸಿಕ್ಕುತ್ತದೆ. ಆದಕಾರಣ ಹಿಂಬಾಗಿಲಿನ ಅಕ್ಷರವನ್ನು ನಂಬದೆ, ಬಗ್ಗಿ ಗಾಡಿಯ ಅಡಿಯನ್ನು ನೋಡಬೇಕು. ಗೇರು ಪೆಟ್ಟಿಗೆಯಿಂದ ಹಿಂದಕ್ಕೊಂದು ದಂಡ ಹೋಗುವಂತೆ ಮುಂದಿನ ಅಚ್ಚಿಗೂ ಒಂದು ತಿರುಗುವ ದಂಡ ಹೋಗಿರಬೇಕು. ಅದಿಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಎರಡನೆಯದು ಎಳೆತದ ಬಗೆ. ಕೆಲವು ಗಾಡಿಗಳಲ್ಲಿ ಎಳೆತವನ್ನು ಬೇಕಾದಾಗ ಮಾತ್ರ ನಾಲ್ಕಕ್ಕೆ ಕೂಡಿಸುವುದು; ಸ್ಕಾರ್ಪಿಯೋ, ಥಾರ್, ಜಿಮ್ನಿಗಳು ಈ ಜಾತಿಯವು. ಕೂಡಿಸಿದಾಗ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಹೋಗಬೇಕಾಗುವುದರಿಂದ, ಒಣ ಡಾಂಬರಿನ ಮೇಲೆ ಹೀಗೆ ಓಡಿಸಿದರೆ ದಂಡಗಳು ಹಿಂಡಿದಂತಾಗಿ ಯಂತ್ರ ಕೆಡುತ್ತದೆ. ಹಿಮ, ಮರಳು, ಕೆಸರುಗಳಲ್ಲಿ ಗಾಲಿ ಸ್ವಲ್ಪ ಜಾರಿ ಆ ಬಿಗಿತವನ್ನು ಕಳೆದುಕೊಳ್ಳುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ನಾಲ್ಕೂ ಗಾಲಿಗಳಿಗೆ ತಾನಾಗಿಯೇ ಬಲ ಹೋಗುತ್ತದೆ. ಅರ್ಧ ದಾರಿ ಹಿಮ, ಅರ್ಧ ದಾರಿ ಡಾಂಬರು ಇರುವ ಕಡೆ ಅವು ಸುಲಭ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ‘ಲೋ’ ಎಂಬ ತಗ್ಗಿನ ಗೇರು ಇರುವುದಿಲ್ಲ. ಈ ಗೇರು ಗಾಲಿಯ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸಿ ವೇಗವನ್ನು ಅಷ್ಟೇ ತಗ್ಗಿಸುತ್ತದೆ. ಭಾರವನ್ನೆಳೆದು ಹತ್ತುವುದಕ್ಕೂ, ಅದಕ್ಕಿಂತ ಹೆಚ್ಚಾಗಿ, ಬ್ರೇಕನ್ನು ಮುಟ್ಟದೆ ಇಂಜಿನಿನ ತಡೆಯಿಂದಲೇ ಹೆಜ್ಜೆ ಹೆಜ್ಜೆಯಾಗಿ ಇಳಿಯುವುದಕ್ಕೂ ಇದು ಬೇಕು. ತಾಯಿಯ ಪ್ರಶ್ನೆಗೆ ಗಾಡಿಯೊಳಗೆ ಇರುವ ಉತ್ತರ ಇದೊಂದೇ. ಆದರೆ ಇದೂ ಟೈರಿಗೆ ನೆಲ ಸ್ವಲ್ಪವಾದರೂ ಸಿಕ್ಕಿದಾಗ ಮಾತ್ರ.

ಮೂರನೆಯದು ಭಾರ ಮತ್ತು ಎತ್ತರ. ಹಗುರವಾದ ಗಾಡಿ ಹಿಮದಲ್ಲಿ ಹೂಳುವುದು ಕಡಿಮೆ. ಮಾರುತಿ ಜಿಪ್ಸಿಯನ್ನು ಬೆಟ್ಟದವರು ಇಂದಿಗೂ ನೆನೆಯುವುದು ಇದಕ್ಕಾಗಿಯೇ. ಆದರೆ ಸುಮಾರು ಒಂದು ಟನ್ನಿನ ಗಾಡಿಯ ಹಿಂದೆ 800 ಕಿಲೋ ಕಟ್ಟಿದರೆ ಯಾರು ಯಾರನ್ನು ಎಳೆಯುವರೆಂಬುದು ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಸಾಕಷ್ಟು ಭಾರವಾಗಿರಬೇಕು. ಮತ್ತು ಎತ್ತರ ಏರಿದಂತೆ ಗಾಳಿ ತೆಳುವಾಗುವುದರಿಂದ, ಟರ್ಬೋ ಇಲ್ಲದ ಇಂಜಿನು ಸಾವಿರ ಮೀಟರಿಗೆ ಹತ್ತನೆಯ ಒಂದು ಪಾಲಿನಂತೆ ಬಲವನ್ನು ಕಳೆದುಕೊಳ್ಳುತ್ತದೆ; ಸುರಂಗದ ಬಾಯಿ ಸೇರುವ ವೇಳೆಗೆ ಮೂರರಲ್ಲೊಂದು ಪಾಲಿನಷ್ಟು ಹೋಗಿರುತ್ತದೆ. ಟರ್ಬೋ ಇರುವ ಡೀಸೆಲ್ ಇಂಜಿನಿಗೆ ಈ ಬಾಧೆ ಕಡಿಮೆ. ಆದರೆ ಡೀಸೆಲಿಗೆ ಬೇರೊಂದು ಬಾಧೆಯುಂಟು: ಕಡುಚಳಿಯಲ್ಲಿ ಅದರೊಳಗಿನ ಮೇಣದಂಶ ಗಟ್ಟಿಯಾಗಿ ಶೋಧಕವನ್ನು ಕಟ್ಟಿಬಿಡುತ್ತದೆ. ಲಡಾಖಿಗಾಗಿ ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆಯು 2019ರಲ್ಲಿ ಹೊರತಂದುದು ಈ ಕಾರಣದಿಂದಲೇ.

ನಾಲ್ಕನೆಯದು ಅನುಮಾನ. ಕನ್ನಡದಲ್ಲಿ ಈ ಪದಕ್ಕೆ ಸಂಶಯವೆಂದರ್ಥ, ಸಂಸ್ಕೃತದಲ್ಲಿ ಗುರುತಿನಿಂದ ವಸ್ತುವನ್ನು ಊಹಿಸುವುದೆಂದರ್ಥ. ಹಳೆಯ ಗಾಡಿಯನ್ನು ಕೊಳ್ಳುವವನಿಗೆ ಎರಡೂ ಸಲ್ಲುತ್ತವೆ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತರ್ಕದ ಮೊದಲ ಪಾಠವಲ್ಲವೆ? ಇಲ್ಲಿಯೂ ಹೊಗೆಯೇ ಮೊದಲ ಗುರುತು. ನೀಲಿಯ ಹೊಗೆ ಇಂಜಿನು ಎಣ್ಣೆಯನ್ನು ಸುಡುತ್ತಿದೆಯೆಂದು ಹೇಳುತ್ತದೆ. ದಟ್ಟ ಕಪ್ಪು ಹೊಗೆ, ಗಾಳಿ ಸಾಲದೆ ಇಂಧನ ಹೆಚ್ಚಾಗಿದೆಯೆಂದು. ಇಂಜಿನು ಕಾದ ಮೇಲೆಯೂ ನಿಲ್ಲದ ಬಿಳಿಯ ಹೊಗೆ, ತಂಪಿನ ನೀರು ಒಳಗೆ ಸೋರುತ್ತಿರಬಹುದೆಂದು. ಓಡಿದ ದೂರ ನಲವತ್ತು ಸಾವಿರ ಕಿಲೋಮೀಟರೆಂದು ಮೀಟರು ತೋರಿಸುತ್ತ, ಕ್ಲಚ್ಚಿನ ಮೆಟ್ಟಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ, ಎರಡರಲ್ಲೊಂದು ಸುಳ್ಳು; ರಬ್ಬರಿಗೆ ಸುಳ್ಳು ಹೇಳಲು ಬಾರದು. ಅಡಿಯ ಚೌಕಟ್ಟಿನಲ್ಲಿ ಹೊಸ ಬಣ್ಣ ಒಂದೇ ಕಡೆ ಬಳಿದಿದ್ದರೆ ಅದರ ಕೆಳಗೆ ಬೆಸುಗೆಯೋ ತುಕ್ಕೋ ಇದೆಯೆಂದು ಭಾವಿಸಬೇಕು. ಹಿಂದಿನ ಕೊಂಡಿಯ ಬೋಲ್ಟಿನ ತೂತುಗಳು ಎಳೆದು ಉದ್ದವಾಗಿದ್ದರೆ, ಹಿಂದಿನ ಯಜಮಾನ ಮಿತಿಮೀರಿ ಎಳೆಸಿದ್ದಾನೆ. ಹಾಗಿದ್ದಲ್ಲಿ ಕ್ಲಚ್ಚೂ ಗೇರು ಪೆಟ್ಟಿಗೆಯೂ ನೊಂದಿರುತ್ತವೆ. ನಾಲ್ಕು ಟೈರುಗಳು ನಾಲ್ಕು ಬಗೆಯ ಸವೆತವುಳ್ಳವಾಗಿದ್ದರೆ, ಎಳೆತ ಕೂಡಿಸುವ ಯಂತ್ರವೂ ನೊಂದಿರಬಹುದು.

ಐದನೆಯದು ಪ್ರತ್ಯಕ್ಷ. ಬೆಳಗಿನ ಚಳಿಯಲ್ಲಿ, ಮುಂಚಿತವಾಗಿ ತಿಳಿಸಿ, ಇಂಜಿನನ್ನು ಮುಟ್ಟಬೇಡಿರೆಂದು ಹೇಳಿ ಹೋಗಬೇಕು. ಮುಚ್ಚಳದ ಮೇಲೆ ಕೈಯಿಟ್ಟು ನೋಡಬೇಕು. ಬಿಸಿಯಾಗಿದ್ದರೆ, ತಣ್ಣಗಿರುವಾಗ ಅದು ಹೇಗೆ ಹೊರಡುತ್ತದೆಯೆಂಬುದನ್ನು ಯಾರೋ ಮರೆಮಾಡಿದ್ದಾರೆ. ನಾಲ್ಕರ ಎಳೆತವನ್ನೂ ತಗ್ಗಿನ ಗೇರನ್ನೂ ಮಣ್ಣಿನ ನೆಲದ ಮೇಲೆ ಹಾಕಿಸಿ, ಮುಂದಕ್ಕೂ ಹಿಂದಕ್ಕೂ ನಡೆಸಿ, ಕಿವಿಗೊಟ್ಟು ಕೇಳಬೇಕು. ಎಷ್ಟೋ ಗಾಡಿಗಳಲ್ಲಿ ಈ ಗುಂಡಿಯನ್ನು ವರ್ಷಗಟ್ಟಲೆ ಯಾರೂ ಒತ್ತಿರುವುದಿಲ್ಲ. ಹಿಮದ ನಡುವೆ ಮೊದಲ ಸಲ ಒತ್ತುವುದು ಜಾಣತನವಲ್ಲ.

ಕಾಗದಪತ್ರಗಳೂ ಶಬ್ದಪ್ರಮಾಣವೇ, ಮತ್ತು ಅವು ಮಾರುವವನ ಬಾಯಿಗಿಂತ ಮೇಲು. ಸಾಲವಿದ್ದರೆ ಅದು ತೀರಿದ ಬಗ್ಗೆ ಬ್ಯಾಂಕಿನ ಪತ್ರ ಬೇಕು. ಮಾಲೀಕತ್ವ ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳಾಗಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ತಂದು, ಓಡಿಸುವ ರಾಜ್ಯದ ತೆರಿಗೆಯನ್ನು ಕಟ್ಟಬೇಕು. 1997ರಲ್ಲಿ ದಾವಣಗೆರೆಗೂ, ಕೆಲವು ವರ್ಷಗಳ ಕೆಳಗೆ ಮರಳಿ ಬಳ್ಳಾರಿಗೂ, 2021ರಲ್ಲಿ ವಿಜಯನಗರ ಜಿಲ್ಲೆಗೂ ಸೇರಿದ ನಮ್ಮ ಹರಪನಹಳ್ಳಿ ತಾಲ್ಲೂಕಿನವರಿಗೆ ಕಚೇರಿ ಬದಲಾದಾಗಿನ ಅಲೆದಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೆಹಲಿಯ ಗಾಡಿಗಳು ಅಗ್ಗವಾಗಿ ದೊರೆಯುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಆಜ್ಞೆ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಸ್ವಲ್ಪ ಸಡಿಲಿಸಿತು. ಹತ್ತರ ಹತ್ತಿರ ಬಂದ ಗಾಡಿಗಳು ಇದರಿಂದ ಬೇರೆ ರಾಜ್ಯಗಳಿಗೆ ಹರಿದುಬಂದುವು. ಅವುಗಳಲ್ಲಿ ಒಳ್ಳೆಯವೂ ಇರಬಹುದು. ಆದರೆ ಕೈಯಿಂದ ಕೈಗೆ ದಾಟಿ ಬಂದ ಗಾಡಿಯ ಪೂರ್ವಕಥೆಯನ್ನು ಹೇಳುವವರು ಇರುವುದಿಲ್ಲ.

ಈಗ ಟ್ರೇಲರಿನ ಮಾತು. ಇದರಲ್ಲಿ ನಮ್ಮ ರೈತರಿಗೆ ಪಾಠ ಹೇಳಬೇಕಾದುದೇ ಇಲ್ಲ. ಬಂಡಿಗೆ ಹುಲ್ಲು ಹೇರುವಾಗ ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳನ್ನು ಹಿಡಿಯುತ್ತದೆ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಟ್ರೇಲರಿನಲ್ಲಿಯೂ ಒಟ್ಟು ಭಾರದ ಹತ್ತರಲ್ಲೊಂದು ಪಾಲು, ಎಂದರೆ 800 ಕಿಲೋಗೆ 80 ಕಿಲೋದಷ್ಟು, ಕೊಂಡಿಯ ಮೇಲೆ ಕೂಡಬೇಕು. ಹಿಂಭಾರವಾದರೆ ಅದು ವೇಗದಲ್ಲಿ ಬಾಲದಂತೆ ಅತ್ತಿತ್ತ ಹೊಯ್ದಾಡಿ ಮುಂದಿನ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ಬ್ರೇಕಿಲ್ಲದ ಟ್ರೇಲರಿಗೆ ಯುರೋಪಿನ ದೇಶಗಳಲ್ಲಿ 750 ಕಿಲೋ ಮಿತಿಯೆಂದು ಕಟ್ಟುಮಾಡಿರುವುದನ್ನು ನೋಡಿದರೆ, ನಮ್ಮ ಹುಡುಗನದು ಬ್ರೇಕು ಬೇಕೇ ಬೇಕಾದ ಭಾರವೆಂದು ತಿಳಿಯುತ್ತದೆ. ಗಾಡಿಯ ಕೈಪಿಡಿಯಲ್ಲಿ ಎಷ್ಟು ಎಳೆಯಬಹುದೆಂದು ಬರೆದಿದೆಯೋ ಅದನ್ನು ಮೀರಬಾರದು. ಟ್ರೇಲರಿಗೂ ಪ್ರತ್ಯೇಕ ನೋಂದಣಿಯಾಗಬೇಕು. ಹವಾಲ್ದಾರರು ಇದೆಲ್ಲವನ್ನೂ ಕೇಳಿ, “ಹಿಮ ಬಿದ್ದ ದಿನ ಟ್ರೇಲರು ಕೆಳಗೇ ಬಿಡ್ಲಿ ಮೇಷ್ಟ್ರೇ. ಜಾರೋ ಇಳಿಜಾರಿನಾಗ ಅದು ಹಿಂದಿನಿಂದ ನೂಕ್ತೈತಿ. ಜನರೇಟರು ಬೇಸಿಗ್ಯಾಗ ಮೇಲೆ ಸಾಗಿಸಿ ಅಲ್ಲೇ ಇಟ್ಕೊಳ್ಳಲಿ” ಎಂದರು. ಇಷ್ಟು ಸುಲಭವಾದ ಉಪಾಯ ಇಂಜಿನಿನ ಬಲವನ್ನು ಲೆಕ್ಕಹಾಕುತ್ತಿದ್ದ ನಮಗಾರಿಗೂ ಹೊಳೆದಿರಲಿಲ್ಲ.

ಕಡೆಯದು, ಮೊದಲು ಹೇಳಬೇಕಾಗಿದ್ದುದು, ಟೈರು. ಸಾಧಾರಣ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗಿ ನೆಲದ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಹಿಮಕ್ಕೆಂದೇ ಮಾಡಿದ ಟೈರು ಚಳಿಯಲ್ಲಿಯೂ ಮೆತ್ತಗಿರುತ್ತದೆ. ಅದರ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿರುತ್ತದೆ. ಪ್ರತಿ ಟೈರಿನ ಪಕ್ಕದಲ್ಲಿಯೂ ನಾಲ್ಕು ಅಂಕೆಗಳಲ್ಲಿ ಹುಟ್ಟಿದ ವಾರ ಮತ್ತು ವರ್ಷವನ್ನು ಒತ್ತಿರುತ್ತಾರೆ: 3521 ಎಂದರೆ 2021ರ 35ನೆಯ ವಾರ. ನಮ್ಮ ಕಾನೂನಿನಲ್ಲಿ ಟೈರಿನ ಗೀರಿನ ಆಳ 1.6 ಮಿಲಿಮೀಟರು ಇದ್ದರೆ ಸಾಕು. ಹಿಮಕ್ಕೆ ಅದು ಏನೇನೂ ಸಾಲದು. ಗಾಲಿಗೆ ಸುತ್ತುವ ಸರಪಳಿಯೂ ಗಾಡಿಯಲ್ಲಿರಬೇಕು. ಮನೆಯ ಅಂಗಳದಲ್ಲಿ ಎರಡು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿರಬೇಕು. ಒಳ್ಳೆಯ ಟೈರುಳ್ಳ ಎರಡು ಗಾಲಿಯ ಎಳೆತದ ಗಾಡಿಯು, ಸವೆದ ಟೈರುಳ್ಳ ನಾಲ್ಕು ಗಾಲಿಯ ಎಳೆತದ ಗಾಡಿಗಿಂತ ಬೇಗ ನಿಲ್ಲುತ್ತದೆ. ಹಿಮದ ದಾರಿಯಲ್ಲಿ ನಿಲ್ಲುವುದೇ ವಿದ್ಯೆ.

ಇಷ್ಟನ್ನೂ ಎರಡು ಪುಟಗಳಲ್ಲಿ ಪಟ್ಟಿಮಾಡಿ ಹುಡುಗನಿಗೆ ಕಳುಹಿಸಿದೆವು. ಗಂಡಹೆಂಡಿರಿಬ್ಬರೂ ಹೋಗಿ ಎರಡು ಗಾಡಿಗಳನ್ನೂ ನೋಡಿಬಂದರು. ದೊಡ್ಡ ಗಾಡಿಯ ಇಂಜಿನು, ಹೇಳಿದ್ದರೂ, ಇವರು ಹೋಗುವಷ್ಟರಲ್ಲಿ ಬಿಸಿಯಾಗಿತ್ತು. ಅದರ ನಾಲ್ಕು ಟೈರುಗಳಲ್ಲಿ ಎರಡು ಹೊಸವು, ಎರಡು ಆರು ವರ್ಷದ ಹಳೆಯವು. ಸೊಸೆ ಬಗ್ಗಿ ಅಡಿಯಲ್ಲಿ ನೋಡಿ, ಹಿಂದಿನ ಚೌಕಟ್ಟಿನಲ್ಲಿ ಅಂಗೈಯಗಲ ಹೊಸ ಬಣ್ಣವಿದೆಯೆಂದು ಪೋಟೋ ಹಿಡಿದಳು. ಮಾರುವವನನ್ನು ಕೇಳಿದರೆ ನಕ್ಕನಂತೆ. ತೋಟದ ಯಜಮಾನರ ಗಾಡಿಯ ಬಣ್ಣ ಮಾಸಿತ್ತು, ಒಂದು ಬಾಗಿಲಿಗೆ ಗೀರು ಬಿದ್ದಿತ್ತು. ಆದರೆ ಎಂಟು ಚಳಿಗಾಲಗಳ ರಿಪೇರಿ ರಸೀತಿಗಳು ಒಂದು ಕಡತದಲ್ಲಿ ವರ್ಷವಾರು ಇದ್ದುವು. ಮುದುಕರು ತಾವಾಗಿಯೇ, “ಎರಡನೆಯ ಗೇರು ಚಳಿಯಲ್ಲಿ ಸ್ವಲ್ಪ ಬಿಗಿ, ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ” ಎಂದರಂತೆ. ತನ್ನ ವಸ್ತುವಿನ ದೋಷವನ್ನು ತಾನೇ ಹೇಳುವವನಲ್ಲಿ ಆಪ್ತಲಕ್ಷಣ ಉಂಟೆಂದು ನಾವು ತೀರ್ಪಿತ್ತೆವು. ಸ್ಕಾರ್ಪಿಯೋ ಮನೆಗೆ ಬಂದಿತು. ಹಿಮದ ಟೈರಿಗೂ ಸರಪಳಿಗೂ ಟ್ರೇಲರಿನ ಬ್ರೇಕಿಗೂ ಸೇರಿ ಇನ್ನೊಂದು ಲಕ್ಷದಷ್ಟು ಖರ್ಚಾಯಿತು. ಎರೆಹೊಲ ಒತ್ತೆಗೆ ಹೋಗಲಿಲ್ಲ.

ಹುಡುಗನಿಗೆ ಮೊದಲು ಸ್ವಲ್ಪ ಮುನಿಸಿತ್ತೆಂದು ಕೇಳಿದ್ದೇವೆ. ದೊಡ್ಡ ಗಾಡಿಯಲ್ಲಿ ಊರಿಗೆ ಬರಬೇಕೆಂಬ ಆಸೆ ಯಾರಿಗಿಲ್ಲ? ಅದನ್ನು ತಪ್ಪೆನ್ನಲಾರೆವು. ನಮ್ಮ ಪಟ್ಟಿಯ ಕೊನೆಯಲ್ಲಿ ತಂದೆಯ ಅಪ್ಪಣೆಯಂತೆ ಒಂದು ಸಾಲನ್ನು ಹೆಚ್ಚಾಗಿ ಬರೆದಿದ್ದೆವು: ಸಂದೇಹ ಬಂದ ದಿನ ಹೊರಡತಕ್ಕದ್ದಲ್ಲ.

ಕಳೆದ ಜನವರಿಯಲ್ಲಿ ಒಂದು ಬೆಳಗ್ಗೆ ಭೀಮೇಶ್ವರನ ಗುಡಿಯ ಮುಂದೆ ಆ ತಾಯಿ ಎದುರಾದರು. ಕೈಯಲ್ಲಿ ಹೂವು, ಕಾಯಿ. ಏನು ವಿಶೇಷವೆಂದು ಕೇಳಿದೆವು. “ನಿನ್ನೆ ಹುಡುಗ ಫೋನು ಮಾಡಿದ್ದ ಮೇಷ್ಟ್ರೇ. ಮೊಣಕಾಲುದ್ದ ಹಿಮ ಬಿದ್ದೈತಂತ. ಗಾಡಿ ಹೊರಗ ತೆಗೀಲೇ ಇಲ್ಲಂತ. ಮನ್ಯಾಗ ಕೂತು ಮಗಳಿಗೆ ಅಕ್ಷರ ಕಲಿಸ್ತಿದ್ನಂತ” ಎಂದು ಹೇಳಿ, ಒಳಗೆ ಹೋದರು.